ಜೆಲ್‌ನ ಒಂದು ಪಟ್ಟಿಗೆ ಮರುಳಾಗಬೇಡ

ಪ್ರೀತಿಯ ತಂಗಿ,

ನಾಸಿಕದಲ್ಲಿ ಬೆಳೆದು, ಛತ್ರಪತಿ ಸಂಭಾಜಿನಗರದಲ್ಲಿ ಎಂ.ಎಸ್ಸಿ. ಮುಗಿಸಿದ ನೀನು ಈಗ ಬೆಂಗಳೂರಿನಲ್ಲಿ ಯೀಸ್ಟ್‌ನಿಂದ ಆ್ಯಕ್ಟಿನ್ ಪ್ರೋಟೀನು ತಯಾರಿಸುವ ಕೆಲಸಕ್ಕೆ ಸೇರುತ್ತಿರುವುದು ಕೇಳಿ ತುಂಬ ಸಂತೋಷವಾಯಿತು. ಯೀಸ್ಟ್ ಅಂದರೆ ಅಂಜಬೇಡ. ನೀನು ಓದಿದ ಊರಿನಲ್ಲೇ ಸಂಶೋಧನಾ ಕೇಂದ್ರವಿದ್ದ ವೊಖಾರ್ಡ್ ಕಂಪನಿ ಹ್ಯಾನ್ಸೆನ್ಯುಲಾ ಎಂಬ ಯೀಸ್ಟ್‌ನಿಂದ ಮಾನವ ಇನ್ಸುಲಿನ್ ತೆಗೆದು 2003ರಲ್ಲಿ ಮಾರುಕಟ್ಟೆಗೆ ತಂದಿತು. ನೀನು ಬಳಸಲಿರುವ ಪಿಕಿಯಾ ಯೀಸ್ಟ್ ಕೂಡ ಅದರಂತೆಯೇ ಮೆಥನಾಲ್ ತಿಂದು ಬದುಕಬಲ್ಲ ಜೀವಿ.

ಬ್ಯಾಕ್ಟೀರಿಯಾದಲ್ಲೇ ಯಾಕೆ ಆಗದು ಎಂದು ಕೇಳಿದ್ದೀಯ. ಆ್ಯಕ್ಟಿನ್, ಟ್ಯೂಬುಲಿನ್‌ನಂಥ ಪ್ರೋಟೀನುಗಳು ಸರಿಯಾಗಿ ಮಡಿಚಿಕೊಳ್ಳಲು ಸಿಸಿಟಿ ಎಂಬ ಸಂಕೀರ್ಣದ ಆಸರೆ ಬೇಕು, ಇ. ಕೋಲೈನಲ್ಲಿ ಅದಿಲ್ಲ. ಹಾಗಾಗಿ ದಶಕಗಳ ಕಾಲ ಮೊಲದ ಸ್ನಾಯುವಿನಿಂದ ಆ್ಯಕ್ಟಿನ್, ಮೇಕೆಯ ಮಿದುಳಿನಿಂದ ಟ್ಯೂಬುಲಿನ್ ತೆಗೆದರು. ಆದರೆ ಮಿದುಳಿನ ಟ್ಯೂಬುಲಿನ್ ಹಲವು ಬಗೆಗಳ ಬೆರಕೆ: ಬಾಲಕ್ಕೆ ಗ್ಲುಟಮೇಟ್ ಸೇರಿದ್ದು, ಟೈರೋಸಿನ್ ಕಳೆದುಕೊಂಡದ್ದು, ಎಲ್ಲವೂ ಇರುತ್ತವೆ. ಜೆಲ್ ಮೇಲೆ ಮಾತ್ರ 50 ಕಿಲೋಡಾಲ್ಟನ್ ಹತ್ತಿರ ಅಚ್ಚುಕಟ್ಟಾದ ಪಟ್ಟಿ! ಈಗ ಬೆಂಗಳೂರಿನ ಇನ್‌ಸ್ಟೆಮ್‌ನಲ್ಲಿರುವ ಮಿನ್ಹಾಜ್ ಸಿರಾಜುದ್ದೀನ್ ಮತ್ತು ಸಂಗಡಿಗರು ಯೀಸ್ಟ್ ಟ್ಯೂಬುಲಿನ್‌ಗೆ ಬೇರೆ ಬೇರೆ ಮಾನವ ಬಾಲಗಳನ್ನು ಜೋಡಿಸಿ, ಬಾಲ ಬದಲಾದರೆ ಮೋಟಾರ್ ಪ್ರೋಟೀನುಗಳ ಓಟವೇ ಬದಲಾಗುತ್ತದೆಂದು 2014ರಲ್ಲಿ ತೋರಿಸಿದರು.

ನೀನು ಕಲಿಯಲಿರುವ ವಿಧಾನ ವಾರ್ವಿಕ್‌ನ ಮೋಹನ್ ಬಾಲಸುಬ್ರಮಣಿಯನ್ ತಂಡದ್ದು, 2018ರದು. ಇಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಸರವಣನ್ ಪಳನಿ ಅವರೂ ಅದರ ಲೇಖಕರಲ್ಲಿ ಒಬ್ಬರು. ಎಂಥ ಸೊಗಸಾದ ಉಪಾಯ ನೋಡು: ಆ್ಯಕ್ಟಿನ್ ತುದಿಗೆ ಥೈಮೋಸಿನ್ ಬೀಟಾ-4 ಅಂಟಿಸಿದರೆ ಅದು ಜೀವಕೋಶದೊಳಗೆ ಎಳೆಗಟ್ಟದು, ಹಿಸ್ಟಿಡಿನ್ ಬಾಲ ಹಿಡಿದು ನಿಕಲ್ ಕಾಲಂನಲ್ಲಿ ಎತ್ತಿದ ಮೇಲೆ ಕೈಮೋಟ್ರಿಪ್ಸಿನ್ ಆ್ಯಕ್ಟಿನ್‌ನ ಕೊನೆಯ ಫಿನೈಲಾಲನಿನ್ ಪಕ್ಕದಲ್ಲೇ ಕತ್ತರಿಸುತ್ತದೆ. ಹೆಚ್ಚುವರಿ ಒಂದು ಅಮೈನೋ ಆಮ್ಲವೂ ಉಳಿಯದು. ಈ ಹಂತದಲ್ಲಿ ಗಡಿಯಾರ ಬಿಟ್ಟು ಕದಲಬೇಡ. ಹೊತ್ತು ಮೀರಿದರೆ ಕಿಣ್ವ ಆ್ಯಕ್ಟಿನ್ನನ್ನೇ ತಿನ್ನತೊಡಗುತ್ತದೆ. ಅದನ್ನು ತಡೆಯುವ ಪಿಎಂಎಸ್‌ಎಫ್ ನೀರಿನಲ್ಲಿ ಬೇಗ ಕೆಡುವುದರಿಂದ ಆ ಗಳಿಗೆಯಲ್ಲೇ ಬೆರೆಸು. ಆಮೇಲೆ ಎಳೆಗಟ್ಟಿಸಿ, ಸುತ್ತಿಸಿ, ಮತ್ತೆ ಬಿಡಿಸು. ಎಳೆಗಟ್ಟಲಾರದ ಸತ್ತ ಪ್ರೋಟೀನು ಹಿಂದೆ ಉಳಿಯುತ್ತದೆ. ಬೇಸರವೆಂದು ಇದನ್ನು ಹಾರಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪಿಕಿಯಾ ತಾನಾಗಿ ಮಾನವ ಆ್ಯಕ್ಟಿನ್ನಿನ ಗುರುತುಗಳನ್ನು ಒತ್ತದು. 73ನೇ ಹಿಸ್ಟಿಡಿನ್‌ಗೆ ಮಿಥೈಲ್ ಹಚ್ಚಲು ಸೆಟ್‌ಡಿ3, ತಲೆಗೆ ಅಸಿಟೈಲ್ ಹಚ್ಚಲು ನಾ80 ಕಿಣ್ವವನ್ನು ಜೊತೆಗೇ ಬೆಳೆಸಬೇಕು. ಮಿಥೈಲ್‌ನಿಂದ 14 ಡಾಲ್ಟನ್, ಅಸಿಟೈಲ್‌ನಿಂದ 42 ಹೆಚ್ಚುತ್ತದೆ. 42 ಸಾವಿರದ ಪ್ರೋಟೀನಿನಲ್ಲಿ ಜೆಲ್ಲಿಗೆ ಅದು ಕಾಣುವುದೇ ಇಲ್ಲ. ಆದ್ದರಿಂದ ಮೊದಲ ಸಲದ ಮಾಲಿನಲ್ಲೇ ಒಂದಿಷ್ಟು ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಎತ್ತಿಡು. ಫಲಿತಾಂಶ ಬಂದ ದಿನ ಪತ್ರ ಬರೆ. 14 ಕಂಡಿತೋ ಇಲ್ಲವೋ, ಮೊದಲ ಸಾಲಿನಲ್ಲೇ ತಿಳಿಸು.

ನಿನ್ನ ಹಿತೈಷಿ