ದುಃಖದಲ್ಲಿರುವವರ ಮನಸ್ಸು

ಮರಣ ಬಂದ ಮನೆಗೆ ಹೋಗಬೇಕಾದ ಕೆಲಸವು ನಮ್ಮಲ್ಲಿ ಯಾರಿಗೂ ತಪ್ಪಿದ್ದಲ್ಲ. ಆದರೆ ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂಬದನ್ನು ಬಲ್ಲವರು ಕೆಲವರೇ. ಕೋಲಾರದ ಚಿನ್ನದ ಗಣಿಗಳಲ್ಲಿ ಒಂದಾದ ಚಾಂಪಿಯನ್ ರೀಫ್ಸನ್ನು ದೃಷ್ಟಾಂತವಾಗಿಟ್ಟುಕೊಂಡು ಇದನ್ನು ವಿಚಾರಿಸೋಣ. ಮೂರು ಕಿಲೋಮೀಟರಿಗಿಂತ ಹೆಚ್ಚು ಆಳವಾಗಿದ್ದ ಈ ಗಣಿಯು 2001ನೆಯ ಇಸವಿ ಫೆಬ್ರವರಿ 28ರಂದು ಮುಚ್ಚಲ್ಪಟ್ಟಿತು. ಅಲ್ಲಿಯ ಕೆಲಸಗಾರರ ಮನೆಗಳಿಗೆ ಮರಣವು ಎರಡು ದಾರಿಗಳಿಂದ ಬರುತ್ತಿತ್ತು.

ಒಂದನೆಯದು, ಫಕ್ಕನೆ ಬರುವ ಮರಣ. ಅದಿರನ್ನು ತೆಗೆದ ಸ್ಥಳವು ಟೊಳ್ಳಾದಾಗ ಮೇಲಿನ ಭಾರವೆಲ್ಲಾ ಸುತ್ತಲಿನ ಬಂಡೆಗೆ ಬೀಳುವದು. ಬಂಡೆಯು ತಾಳಲಾರದೆ ಒಮ್ಮೆಲೇ ಸಿಡಿಯುವದು. ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟ ಹೆಂಡತಿಯು ಸಾಯಂಕಾಲ ವಿಧವೆಯಾದರೆ, ಕಿವಿಯು ಸುದ್ದಿಯನ್ನು ಕೇಳಿದರೂ ಮನಸ್ಸು ಒಪ್ಪದು. ಅವಳು ಅಳದೆ ಸುಮ್ಮನೆ ಕೂತಿರಬಹುದು. ರಾತ್ರಿ ಗಂಡನ ಪಾಲಿನ ಊಟವನ್ನು ಎತ್ತಿಡಬಹುದು. ಇದು ಹುಚ್ಚೂ ಅಲ್ಲ, ಹೃದಯದ ಕಾಠಿನ್ಯವೂ ಅಲ್ಲ. ಒಮ್ಮೆಗೇ ಹೊರಲಾರದ ಭಾರವನ್ನು ಮನಸ್ಸು ಸ್ವಲ್ಪಸ್ವಲ್ಪವಾಗಿ ಹೊತ್ತುಕೊಳ್ಳುವ ರೀತಿ ಇದು. ಆದಕಾರಣ ಶವವನ್ನು ನೋಡಬೇಕೆಂದು ಅವಳು ಕೇಳಿದರೆ ತಡೆಯಬಾರದು; ಗಾಯಗಳ ಸಂಗತಿಯನ್ನು ಮೊದಲು ತಿಳಿಸಿ ಜೊತೆಯಲ್ಲಿ ನಿಲ್ಲತಕ್ಕದ್ದು.

ಎರಡನೆಯದು, ಮೆಲ್ಲಗೆ ಬರುವ ಮರಣ. ಬಂಡೆ ಕೊರೆಯುವಾಗ ಏಳುವ ಸೂಕ್ಷ್ಮವಾದ ಕಲ್ಲುಧೂಳು ಶ್ವಾಸಕೋಶವನ್ನು ಸೇರಿ ಅದನ್ನು ಗಟ್ಟಿಮಾಡುವದು. ಸಿಲಿಕೋಸಿಸ್ ಎಂಬ ಈ ರೋಗವು ಕೆಲಸ ಬಿಟ್ಟು ಅನೇಕ ವರುಷಗಳಾದ ಮೇಲೂ ಹೆಚ್ಚಬಹುದು. ಕೆಟ್ಟ ಶ್ವಾಸಕೋಶವನ್ನು ತಿರಿಗಿ ಮೊದಲಿನಂತೆ ಮಾಡುವ ಔಷಧವಿಲ್ಲ. ಅಂತ್ಯವು ಹತ್ತಿರವಾದಾಗ ಅನೇಕ ವೇಳೆ ರೋಗಿಯೂ ಅದನ್ನು ಬಲ್ಲನು, ಮನೆಯವರೂ ಬಲ್ಲರು. ಆದರೂ ಒಬ್ಬರಿಗೊಬ್ಬರು ಮರೆಮಾಡಿ, “ನಾಳೆ ವಾಸಿಯಾಗುವದು” ಅನ್ನುತ್ತಾರೆ. ಹೀಗೆ ಪ್ರೀತಿಯ ದೆಸೆಯಿಂದಲೇ ಅವನು ಒಂಟಿಯಾಗುತ್ತಾನೆ. ತೀರದ ಸಾಲ, ಮಗಳ ಮದುವೆ, ತಮ್ಮನೊಡನೆ ಮುರಿದ ಮಾತು, ಇವುಗಳನ್ನು ಹೇಳಿಕೊಳ್ಳುವದಕ್ಕೆ ಅವನಿಗೆ ಎಡೆ ಸಿಕ್ಕುವದಿಲ್ಲ.

ಅಮೇರಿಕದ ಷಿಕಾಗೋ ಪಟ್ಟಣದಲ್ಲಿ ಎಲಿಸಬೆತ್ ಕ್ಯೂಬ್ಲರ್-ರಾಸ್ ಎಂಬ ವೈದ್ಯರು ಸಾಯುತ್ತಿರುವವರ ಬಳಿಯಲ್ಲಿ ಕೂತು ಅವರ ಮಾತುಗಳನ್ನು ಕೇಳಿ, 1969ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ನಂಬದಿರುವದು, ಕೋಪ, ಚೌಕಾಸಿ, ಕುಗ್ಗುವಿಕೆ, ಒಪ್ಪಿಗೆ ಎಂಬ ಐದು ಸ್ಥಿತಿಗಳನ್ನು ಅವರು ಹೇಳಿದರು. ಆದರೆ ಇವು ಎಲ್ಲರೂ ಕ್ರಮವಾಗಿ ಏರತಕ್ಕ ಏಣಿಯ ಮೆಟ್ಟಿಲುಗಳಲ್ಲವೆಂದು ಅನಂತರದ ವಿಚಾರಣೆಗಳಿಂದ ತಿಳಿದುಬಂದಿದೆ. 1999ರಲ್ಲಿ ಸ್ಟ್ರೋಬೆ, ಷುಟ್ ಎಂಬ ಪಂಡಿತರು, ದುಃಖಪಡುವವರ ಮನಸ್ಸು ಒಮ್ಮೆ ಅಗಲಿದವರ ಕಡೆಗೂ ಒಮ್ಮೆ ಬಾಳುವೆಯ ಕಡೆಗೂ ಹೋಗಿಬರುತ್ತಿರುವದೆಂದು ತೋರಿಸಿದರು. ಹಾಗಾದರೆ ಬೆಳಿಗ್ಗೆ ನೀರಿಗೆ ಹೋದಲ್ಲಿ ನಕ್ಕು, ರಾತ್ರಿ ಅಳುವ ವಿಧವೆಯನ್ನು ಕುರಿತು ನೆರೆಯವರು ಗುಸುಗುಸು ಮಾತಾಡುವದು ಎಂಥ ಅನ್ಯಾಯ!

ಯೋಬನ ಸ್ನೇಹಿತರು ಏಳು ದಿನ ಮೌನವಾಗಿ ಅವನ ಸಂಗಡ ನೆಲದ ಮೇಲೆ ಕೂತಿದ್ದಾಗ ಒಳ್ಳೇ ಸ್ನೇಹಿತರಾಗಿದ್ದರು. ಅವನ ಕಷ್ಟಕ್ಕೆ ಕಾರಣ ಹೇಳತೊಡಗಿದ ಮೇಲೆಯೇ ಅವನನ್ನು ನೋಯಿಸಿದರು. ನಾವೂ “ಅಳಬೇಡ” ಎಂದು ಬಾಯಿ ಮುಚ್ಚಿಸದೆ, ಸತ್ತವರ ಹೆಸರನ್ನು ಹೇಳುವದಕ್ಕೆ ಅಂಜದೆ, ಕೂತು ಕೇಳೋಣ. ತಂದೆ ಊರಿಗೆ ಹೋಗಿದ್ದಾನೆಂದು ಮಕ್ಕಳಿಗೆ ಸುಳ್ಳು ಹೇಳದೆ, ತೀರಿಹೋದನೆಂದು ಮೃದುವಾಗಿ ತಿಳಿಸೋಣ. ಸಾಯುತ್ತಿರುವವನು ಮಾತೆತ್ತಿದರೆ ಮಾತು ಮರೆಸದಿರೋಣ.

ವರುಷ ಕಳೆದರೂ ದುಃಖವು ಮೊದಲಿನ ದಿನದಷ್ಟೇ ಭಾರವಾಗಿದ್ದು ಕೆಲಸಕಾರ್ಯಗಳು ನಿಂತುಹೋದರೆ ವೈದ್ಯರ ಸಹಾಯ ಬೇಕು. ಸಾಯಬೇಕೆಂಬ ಮಾತು ಬಂದರಂತೂ ಒಂದು ದಿನವೂ ತಡಮಾಡಬಾರದು. ಅಂಥವರನ್ನು ಒಂಟಿಯಾಗಿ ಬಿಡಬಾರದು. 2022ರಲ್ಲಿ ಭಾರತ ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಗೆ 14416ರ ದೂರವಾಣಿಯಿಂದ ಕ್ರಯವಿಲ್ಲದೆ ಮಾತಾಡಬಹುದು. ಮಣ್ಣುಮಾಡಿ ಜನರೆಲ್ಲಾ ಹೋದ ಮೇಲೆಯೇ ಆ ಮನೆಯು ನಿಜವಾಗಿ ಬರಿದಾಗುವದು. ಆದಕಾರಣ ಮೂರನೆಯ ತಿಂಗಳಲ್ಲಿಯೂ ಅಲ್ಲಿಗೆ ಹೋಗೋಣ.