ಬೆರಳು, ಗುಂಡಿ, ಗುರುತು: ಮನುಷ್ಯಕೇಂದ್ರಿತ ವಿನ್ಯಾಸದ ಕೆಲವು ತತ್ತ್ವಗಳು

1

ಕನ್ನಡದ ‘ಹೆಬ್ಬೆಟ್ಟು’ ಎಂಬ ಮಾತು ಒಂದು ಬೆರಳಿನ ಹೆಸರಾಗಿರುವಂತೆಯೇ ಅಕ್ಷರ ಬಾರದವರ ಹೆಸರೂ ಆಗಿದೆ. ಸಹಿ ಮಾಡಬಲ್ಲವರು ಒಂದು ಕಡೆ, ಹೆಬ್ಬೆಟ್ಟು ಒತ್ತುವವರು ಇನ್ನೊಂದು ಕಡೆ ಎಂಬ ಸಾಮಾಜಿಕ ವಿಭಜನೆ ಆ ಒಂದು ಪದದಲ್ಲಿ ಅಡಗಿದೆ. ಲಿಪಿಯ ಅರಿವನ್ನು ಆಧರಿಸಿ ನಿಂತ ಈ ವಿಭಜನೆಯನ್ನು ಒಂದು ಉಪಕರಣ ಎಷ್ಟರ ಮಟ್ಟಿಗೆ ನಿವಾರಿಸಬಲ್ಲದು ಎಂಬ ಪ್ರಶ್ನೆ ತಂತ್ರಜ್ಞರಿಗಷ್ಟೇ ಸೇರಿದುದಲ್ಲ. ಭಾಷೆ ಮತ್ತು ಲಿಪಿಗಳ ಅಧ್ಯಯನಕ್ಕೂ ಸೇರಿದುದು. ಮತಯಂತ್ರವನ್ನು ನಿದರ್ಶನವಾಗಿಟ್ಟುಕೊಂಡು ಆ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಯಂತ್ರಕ್ಕೆ ತಕ್ಕಂತೆ ಮನುಷ್ಯ ಬಾಗಬೇಕಾಗಿಲ್ಲ, ಮನುಷ್ಯನಿಗೆ ತಕ್ಕಂತೆ ಯಂತ್ರ ರೂಪುಗೊಳ್ಳಬೇಕು ಎಂಬುದು ಮನುಷ್ಯಕೇಂದ್ರಿತ ವಿನ್ಯಾಸದ ಮೂಲ ನಿಲುವು. ಬಳಕೆದಾರನು ತಪ್ಪಿದಾಗ ಅವನನ್ನು ದೂರುವುದಕ್ಕಿಂತ ವಸ್ತುವಿನ ರಚನೆಯನ್ನು ಪರೀಕ್ಷಿಸಬೇಕೆಂಬ ವಾದವನ್ನು ಡೊನಾಲ್ಡ್ ನಾರ್ಮನ್ 1988ರ ತನ್ನ ಗ್ರಂಥದಲ್ಲಿ ಮಂಡಿಸಿದನು. ಅಮೆರಿಕದ ವಿನ್ಯಾಸಕಾರ ಬಿಲ್ ವರ್‌ಪ್ಲ್ಯಾಂಕ್ ಇದೇ ವಿಚಾರವನ್ನು ಮೂರು ಪ್ರಶ್ನೆಗಳಲ್ಲಿ ಸಂಗ್ರಹಿಸಿದ್ದಾನೆ: ಬಳಸುವವನು ಏನನ್ನು ಮಾಡಬೇಕು? ಮಾಡಿದ್ದಕ್ಕೆ ಬಂದ ಉತ್ತರವನ್ನು ಅವನ ಇಂದ್ರಿಯಗಳು ಹೇಗೆ ಅನುಭವಿಸುತ್ತವೆ? ಮಾಡಬೇಕಾದುದನ್ನೂ ಆದುದನ್ನೂ ಅವನು ಹೇಗೆ ಅರಿಯುತ್ತಾನೆ? ಇವನ್ನು ಕನ್ನಡದಲ್ಲಿ ಕ್ರಿಯೆ, ಅನುಭವ, ಅರಿವು ಎಂದು ಕರೆಯಬಹುದು. ಪರದೆ ಮತ್ತು ಕೀಲಿಮಣೆಗಳ ಆಚೆಗೆ ಗುಂಡಿ, ದೀಪ, ಸದ್ದು, ಸ್ಪರ್ಶಗಳ ಮೂಲಕ ದೇಹದೊಡನೆ ವ್ಯವಹರಿಸುವ ಗಣನೆಗೆ ‘ಭೌತಿಕ ಗಣನೆ’ ಎಂಬ ಹೆಸರಿದೆ. ಇಟಲಿಯ ಇವ್ರಿಯಾದಲ್ಲಿ 2005ರಲ್ಲಿ ರೂಪುಗೊಂಡ ಆರ್ಡುಯಿನೊ ಎಂಬ ಅಗ್ಗದ ಫಲಕ ಅದನ್ನು ವಿದ್ಯಾರ್ಥಿಗಳ ಕೈಗೆ ತಂದಿತು. ಆದರೆ ಅದಕ್ಕೂ ಎರಡು ದಶಕಗಳ ಹಿಂದೆಯೇ ಭಾರತದಲ್ಲಿ ಈ ಬಗೆಯ ಒಂದು ಯಂತ್ರ ಬಳಕೆಗೆ ಬಂದಿತ್ತೆಂಬುದು ಗಮನಾರ್ಹ.

3

1951–52ರ ಮೊದಲ ಮಹಾಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಪೆಟ್ಟಿಗೆಯಿದ್ದು, ಅದರ ಮೇಲೆ ಅವನ ಚಿಹ್ನೆ ಇರುತ್ತಿತ್ತು. ಮತದಾರನು ಬರೆಯಬೇಕಾದುದೇನೂ ಇರಲಿಲ್ಲ. ಚಿಹ್ನೆ ನೋಡಿ ಚೀಟಿ ಹಾಕಿದರೆ ಸಾಕಾಗಿತ್ತು. ಅಂದು ಹನ್ನೆರಡು ಲಕ್ಷಕ್ಕೂ ಮಿಕ್ಕಿದ ಪೆಟ್ಟಿಗೆಗಳು ಮುಂಬಯಿಯ ವಿಕ್ರೋಳಿಯ ಗೋದ್ರೆಜ್ ಕಾರ್ಖಾನೆಯಲ್ಲಿ ತಯಾರಾದವು. ಮುಂದೆ ಒಂದೇ ಮತಪತ್ರದ ಮೇಲೆ ಮುದ್ರೆ ಒತ್ತುವ ಕ್ರಮ ಬಂದಿತು. ಎರಡು ಚಿಹ್ನೆಗಳ ನಡುವೆ ಬಿದ್ದ ಮುದ್ರೆ ಮತವನ್ನು ಕುಲಗೆಡಿಸಬಹುದಾಗಿತ್ತು.

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಸಂಸ್ಥೆಗಳು ತಯಾರಿಸುವ ಮತಯಂತ್ರದ ಹೊರರೂಪವನ್ನು ವಿನ್ಯಾಸಗೊಳಿಸಿದವರು ಮುಂಬಯಿಯ ಪವಯಿಯಲ್ಲಿರುವ ಐಐಟಿಯ ಕೈಗಾರಿಕಾ ವಿನ್ಯಾಸ ಕೇಂದ್ರದ ಅಧ್ಯಾಪಕರು. 1982ರಲ್ಲಿ ಕೇರಳದ ಪರೂರಿನ 50 ಮತಗಟ್ಟೆಗಳಲ್ಲಿ ಯಂತ್ರ ಮೊದಲು ಬಳಕೆಯಾಯಿತು. ಕಾನೂನಿನ ಆಧಾರವಿಲ್ಲವೆಂಬ ಕಾರಣಕ್ಕೆ 1984ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಬಳಕೆಯನ್ನು ಒಪ್ಪಲಿಲ್ಲ. ಕಾನೂನು ತಿದ್ದುಪಡಿಯಾಗಿ, 2004ರ ಲೋಕಸಭಾ ಚುನಾವಣೆಯ ವೇಳೆಗೆ ಎಲ್ಲ ಕ್ಷೇತ್ರಗಳಿಗೂ ಯಂತ್ರ ತಲುಪಿತು.

4

ಈ ಯಂತ್ರದ ಅರ್ಥವನ್ನು ಗ್ರಹಿಸಲು ಕಲ್ಯಾಣ–ಡೊಂಬಿವಲಿ ಮಹಾನಗರಪಾಲಿಕೆಯ ವ್ಯಾಪ್ತಿಗೆ ಸೇರಿದ ಟಿಟ್ವಾಳಾ ಒಳ್ಳೆಯ ಸ್ಥಳ. ಮಹಾಗಣಪತಿಯ ದೇಗುಲದಿಂದ ಹೆಸರಾದ, ಕಸಾರಾ ರೈಲುಮಾರ್ಗದಲ್ಲಿರುವ ಈ ಊರು ದುಡಿಮೆಗಾಗಿ ಮುಂಬಯಿ ಸೀಮೆಗೆ ಬಂದವರ ನೆಲೆಯೂ ಹೌದು. ಕನ್ನಡ ಶಾಲೆಯಲ್ಲಷ್ಟೇ ಓದಿ ಇಲ್ಲಿಗೆ ಬಂದ ಮಹಿಳೆಯೊಬ್ಬಳನ್ನು ಊಹಿಸಿಕೊಳ್ಳಬಹುದು. ತನ್ನೂರಿನಲ್ಲಿ ಆಕೆ ಅಕ್ಷರಸ್ಥೆ. ಇಲ್ಲಿ ಹೆಸರುಗಳು ದೇವನಾಗರಿಯಲ್ಲಿ ಅಚ್ಚಾಗಿರುವುದರಿಂದ ಆಕೆ ಮತ್ತೆ ಹೆಬ್ಬೆಟ್ಟಿನವಳು. ಊರು ಬದಲಾದ ಮಾತ್ರಕ್ಕೆ ಅಕ್ಷರ ಕೈಬಿಡುತ್ತದೆ. ನಿರಕ್ಷರತೆ ವ್ಯಕ್ತಿಯ ಗುಣವಲ್ಲ, ವ್ಯಕ್ತಿಗೂ ಸನ್ನಿವೇಶಕ್ಕೂ ಇರುವ ಸಂಬಂಧ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಯಂತ್ರ ಆಕೆಯನ್ನು ಹೇಗೆ ಎದುರುಗೊಳ್ಳುತ್ತದೆ? ಕ್ರಿಯೆ ಒಂದೇ: ಚಿಹ್ನೆಯ ಸಾಲಿನಲ್ಲಿಯೇ ಇರುವ ನೀಲಿ ಗುಂಡಿಯನ್ನು ಒತ್ತುವುದು. ಚಿಹ್ನೆಗೂ ಗುಂಡಿಗೂ ಇರುವ ಈ ನೇರ ಹೊಂದಿಕೆಯೇ ಸೂಚನಾಫಲಕದ ಕೆಲಸವನ್ನು ಮಾಡುತ್ತದೆ. ಅನುಭವ ಎರಡು ಬಗೆಯದು: ಅದೇ ಸಾಲಿನಲ್ಲಿ ಕೆಂಪು ದೀಪ ಬೆಳಗುತ್ತದೆ, ದೀರ್ಘವಾದ ಸದ್ದು ಕೇಳಿಸುತ್ತದೆ. ಕಣ್ಣು ಮಂದವಾದವರಿಗೆ ಕಿವಿ, ಕಿವಿ ಮಂದವಾದವರಿಗೆ ಕಣ್ಣು ನೆರವಾಗುತ್ತದೆ. ದೃಷ್ಟಿಹೀನರಿಗಾಗಿ ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳಿವೆ. ಮತಗಟ್ಟೆಯ ಅಧಿಕಾರಿ ಮತ್ತೆ ಅನುವು ಮಾಡಿಕೊಡುವವರೆಗೆ ಎರಡನೆಯ ಒತ್ತಿಗೆ ಬೆಲೆಯಿಲ್ಲ. ಹೀಗಾಗಿ ಗಾಬರಿಯಿಂದ ಎರಡು ಬಾರಿ ಒತ್ತಿದರೂ ಮತ ಕೆಡುವುದಿಲ್ಲ. ತಪ್ಪನ್ನು ಶಿಕ್ಷಿಸದೆ ಅದಕ್ಕೆ ಎಡೆಯಿಲ್ಲದಂತೆ ಮಾಡುವುದೇ ಒಳ್ಳೆಯ ವಿನ್ಯಾಸದ ಲಕ್ಷಣ.

5

ಕಠಿಣವಾದುದು ಮೂರನೆಯ ಪ್ರಶ್ನೆ. ದೀಪವೂ ಸದ್ದೂ ಗುಂಡಿ ಒತ್ತಲಾಯಿತೆಂಬುದನ್ನು ತಿಳಿಸುತ್ತವೆ. ಒಳಗೆ ದಾಖಲಾದುದು ಏನೆಂಬುದನ್ನು ತಿಳಿಸಲಾರವು. ಅನುಭವವಿದ್ದರೂ ಅರಿವು ಅಪೂರ್ಣವಾಗಿತ್ತು. 2013ರಲ್ಲಿ ನಾಗಾಲ್ಯಾಂಡಿನ ನೊಕ್‌ಸೆನ್‌ನಲ್ಲಿ ಮೊದಲು ಬಳಕೆಯಾಗಿ, 2019ರ ಲೋಕಸಭಾ ಚುನಾವಣೆಯಲ್ಲಿ ಎಲ್ಲೆಡೆಗೂ ವಿಸ್ತರಿಸಿದ ಮತಖಾತರಿ ಯಂತ್ರ ಈ ಕೊರತೆಗೆ ನೀಡಿದ ಉತ್ತರ. ಕ್ರಮಾಂಕ, ಹೆಸರು, ಚಿಹ್ನೆಗಳಿರುವ ಚೀಟಿ ಗಾಜಿನ ಹಿಂದೆ 7 ಸೆಕೆಂಡುಗಳ ಕಾಲ ಕಾಣಿಸಿ ಒಳಗೆ ಬೀಳುತ್ತದೆ. ಟಿಟ್ವಾಳಾದ ಮಹಿಳೆಗೆ ಆ ಅಲ್ಪಾವಧಿಯಲ್ಲಿ ಆಧಾರವಾಗುವುದು ಹೆಸರಲ್ಲ, ಚಿಹ್ನೆ. ಆದರೆ ಕಂಡ ಚೀಟಿ ಎಣಿಕೆಗೆ ಬಂದಿತೇ ಎಂಬ ಪ್ರಶ್ನೆ ಯಂತ್ರದ ಆಚೆಗೂ ಉಳಿಯುತ್ತದೆ. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಕೋರಿಕೆಯನ್ನು ಸರ್ವೋಚ್ಚ ನ್ಯಾಯಾಲಯ 2024ರ ಏಪ್ರಿಲ್‌ನಲ್ಲಿ ತಳ್ಳಿಹಾಕಿತು. ಯಂತ್ರ ಸರಿಯಾಗಿರುವುದು ಬೇರೆ, ಅದು ಸರಿಯಾಗಿದೆಯೆಂದು ಬಳಸುವವರಿಗೆ ತಿಳಿಯುವುದು ಬೇರೆ. ಈ ಎರಡರ ನಡುವಣ ಅಂತರವನ್ನು ವಿನ್ಯಾಸ ಕಿರಿದುಗೊಳಿಸಬಲ್ಲದು. ಪೂರ್ತಿಯಾಗಿ ತುಂಬುವ ಹೊಣೆ ಸಂಸ್ಥೆಗಳದು.

ಆದರೂ ಸಾಧಿತವಾದುದು ಅಲ್ಪವೇನಲ್ಲ. ಮತಗಟ್ಟೆಯಿಂದ ಹೊರಬಂದವರ ಎಡಗೈಯ ತೋರುಬೆರಳಿನ ಮೇಲಿನ ಶಾಯಿ ಮೈಸೂರಿನ ಬಣ್ಣದ ಕಾರ್ಖಾನೆಯದು. 1962ರ ಮಹಾಚುನಾವಣೆಯಿಂದ ಅದು ಬಳಕೆಯಲ್ಲಿದೆ. ಹೆಬ್ಬೆಟ್ಟಿನ ಮಸಿ ಓದಲಾರದವರನ್ನು ಬೇರ್ಪಡಿಸಿ ತೋರಿಸುತ್ತಿತ್ತು. ತೋರುಬೆರಳಿನ ಮಸಿ ಓದಬಲ್ಲವರಿಗೂ ಓದಲಾರದವರಿಗೂ ಒಂದೇ. ಯಾರ ನೆರವನ್ನೂ ಬೇಡದೆ, ಯಾರಿಗೂ ಹೇಳದೆ, ತನ್ನ ಆಯ್ಕೆಯನ್ನು ತಾನೇ ಮಾಡಿ ಬಂದ ಗೌರವಕ್ಕೆ ಅದು ಸಾಕ್ಷಿ.