ಪ್ರಶ್ನೋತ್ತರ: ಆಗಾಗ ನಿಂತುಹೋಗುವ ರೂಟರ್

ಪ್ರಶ್ನೆ: ಧಾರವಾಡದಿಂದ ಬಂದು ಪುಣೆಯ ಕೋಥರೂಡಿನಲ್ಲಿ ನೆಲೆಸಿದ್ದೇವೆ. ಮಗ ಮನೆಯಿಂದಲೇ ಕೆಲಸ ಮಾಡುತ್ತಾನೆ. ಎರಡು-ಮೂರು ವಾರಕ್ಕೊಮ್ಮೆ ರೂಟರ್‌ನ ದೀಪಗಳು ಉರಿಯುತ್ತಿದ್ದರೂ ನೆಟ್ ಇರುವುದಿಲ್ಲ. ಸ್ವಿಚ್ ಆಫ್ ಮಾಡಿ ಹಾಕಿದರೆ ಸರಿಹೋಗುತ್ತದೆ. ಹೀಗೆ ಮಾಡಿ ಮಾಡಿ ನಾನೇ ಅದನ್ನು ಕೆಡಿಸಿದೆನೇ?
– ಗೃಹಿಣಿ, ಪುಣೆ

ಉತ್ತರ: ನಿಮ್ಮ ಕೈಯಿಂದ ಏನೂ ಕೆಟ್ಟಿಲ್ಲ, ಸಮಾಧಾನವಾಗಿರಿ. ಮಗನ ಕೆಲಸ ನಡುವೆ ನಿಂತಾಗ ಆತಂಕವಾಗುವುದು ಸಹಜವೇ.

ರೂಟರ್ ಎಂದರೆ ಒಂದು ಪುಟ್ಟ ಕಂಪ್ಯೂಟರ್. ಅದನ್ನು ನಡೆಸುವುದು ಫರ್ಮ್‌ವೇರ್ (ಸಾಧನದೊಳಗೇ ಬರೆದಿಟ್ಟ ತಂತ್ರಾಂಶ). ಮನೆಯ ಪ್ರತಿ ಫೋನು, ಟಿವಿ ಮಾಡುವ ಸಂಪರ್ಕಕ್ಕೂ ಅದು ಮೆಮೊರಿಯಲ್ಲಿ ಜಾಗ ಕೊಡಬೇಕು, ಕೆಲಸ ಮುಗಿದೊಡನೆ ತೆರವು ಮಾಡಬೇಕು. ತಂತ್ರಾಂಶದಲ್ಲಿ ಬಗ್ (ಬರೆಯುವಾಗ ಉಳಿದ ತಪ್ಪು) ಇದ್ದರೆ ಈ ತೆರವು ನಡೆಯುವುದಿಲ್ಲ. ಉಂಡೆದ್ದವರ ಎಲೆ ಎತ್ತದಿದ್ದರೆ ಮುಂದಿನ ಪಂಕ್ತಿಗೆ ಜಾಗವೆಲ್ಲಿ? ಸ್ವಿಚ್ ತೆಗೆದಾಗ ಮೆಮೊರಿ ಖಾಲಿಯಾಗುತ್ತದೆ, ಮತ್ತೆ ಕೆಲವು ವಾರ ಸುಸೂತ್ರ.

ದೊಡ್ಡ ಕಂಪನಿಗಳಿಗೂ ಇಂಥ ತಪ್ಪು ಬಿಟ್ಟಿದ್ದಲ್ಲ. ವಿಂಡೋಸ್ 95 ಬಿಡದೆ ನಡೆದರೆ 49.7 ದಿನಕ್ಕೆ ಸ್ತಬ್ಧವಾಗುತ್ತಿತ್ತು. ಮಿಲಿಸೆಕೆಂಡ್ (ಸೆಕೆಂಡಿನ ಸಾವಿರ ಪಾಲಿನಲ್ಲಿ ಒಂದು) ಎಣಿಸುವ ಅದರ ಲೆಕ್ಕ ಅಷ್ಟಕ್ಕೇ ತುಂಬಿಹೋಗುತ್ತಿತ್ತು. ಅಷ್ಟು ದಿನ ಅದನ್ನು ಆರಿಸದೆ ಇಟ್ಟವರೇ ಕಡಿಮೆ ಎನ್ನಿ!

ದೀಪಗಳೇ ಆರಿಹೋದರೆ ಮಾತ್ರ ಅಡಾಪ್ಟರನ್ನು ಅನುಮಾನಿಸಿ. ಮಧ್ಯಾಹ್ನದ ಬಿಸಿಲಿಗೆ ನಿಂತರೆ ರೂಟರನ್ನು ಗಾಳಿಯಾಡುವ ಕಡೆ ಇಡಿ. ನಿಮ್ಮದು ಎರಡೂ ಅಲ್ಲವೆಂದು ತೋರುತ್ತದೆ.

ನೆಟ್ ಕೊಡುವವರಿಗೆ ಫೋನ್ ಮಾಡಿ, "ಹೊಸ ಫರ್ಮ್‌ವೇರ್ ಬಂದಿದೆಯೇ?" ಎಂದು ಕೇಳಿ. ರೂಟರ್ ನೀವೇ ಕೊಂಡದ್ದಾದರೆ ಅದರ ಸೆಟ್ಟಿಂಗ್ಸ್ ಪುಟದಲ್ಲಿ ಮಗ ಅಪ್‌ಡೇಟ್ ಮಾಡಲಿ. ನಡುವೆ ಕರೆಂಟ್ ಹೋದರೆ ರೂಟರ್ ಮತ್ತೆ ಏಳದೆಯೂ ಹೋಗಬಹುದು. ಪುಣೆಯಲ್ಲಿ ದುರಸ್ತಿಗೆಂದು ಕರೆಂಟ್ ತೆಗೆಯುವುದು ಹೆಚ್ಚಾಗಿ ಗುರುವಾರ. ಆ ದಿನ ಬಿಟ್ಟು ಬೇರೆ ದಿನ, ಇನ್ವರ್ಟರ್ ಇದ್ದರೆ ಅದಕ್ಕೆ ಜೋಡಿಸಿ ಮಾಡಿ. ಅಲ್ಲಿಯವರೆಗೆ ವಾರಕ್ಕೊಮ್ಮೆ ರಾತ್ರಿ ನೀವೇ ಆರಿಸಿ ಹಾಕುವುದರಲ್ಲಿ ತಪ್ಪಿಲ್ಲ.

ಪ್ರಶ್ನೆ: ನನ್ನ ರೂಟರ್ ಎಂಟು ವರ್ಷ ಹಳೆಯದು, ನಡೆಯುತ್ತಿದೆ. ಅದರಿಂದ ಬ್ಯಾಂಕಿನ ಹಣಕ್ಕೆ ಅಪಾಯವೇ?
– ನಿವೃತ್ತರು, ಸಾಂಗವಿ

ಉತ್ತರ: ನಿಮ್ಮ ಎಚ್ಚರಿಕೆ ಸರಿಯಾದದ್ದೇ. ಬ್ಯಾಂಕ್ ಆ್ಯಪ್‌ಗಳು ಗೂಢಲಿಪೀಕರಣ (ಬೇರೆಯವರು ಓದಲಾಗದಂತೆ ಮಾಹಿತಿಯನ್ನು ಮಾರ್ಪಡಿಸುವುದು) ಬಳಸುವುದರಿಂದ ರೂಟರ್ ಹಳೆಯದಾದ ಮಾತ್ರಕ್ಕೆ ಹಣ ಹೋಗದು. ಆದರೆ ಕಿಡಿಗೇಡಿಗಳ ಹಿಡಿತಕ್ಕೆ ಸಿಕ್ಕ ರೂಟರ್ ನಿಮ್ಮನ್ನು ನಕಲಿ ಪುಟಕ್ಕೆ ಕಳಿಸಬಲ್ಲದು.

2017ರ ಜುಲೈನಲ್ಲಿ ಕರ್ನಾಟಕದ ಬಿಎಸ್‌ಎನ್‌ಎಲ್ ಗ್ರಾಹಕರ ಸಾವಿರಾರು ಮೋಡೆಮ್‌ಗಳು ದುರುದ್ದೇಶದ ತಂತ್ರಾಂಶಕ್ಕೆ ಸಿಕ್ಕಿ ನಿಂತುಹೋದವು. ಸಿಕ್ಕಿಬಿದ್ದದ್ದು ಕಾರ್ಖಾನೆಯಲ್ಲಿ ಕೊಟ್ಟ ಪಾಸ್‌ವರ್ಡ್ ಬದಲಿಸದೆ ಉಳಿದವು. ಆದ್ದರಿಂದ ರೂಟರ್‌ನ ಸೆಟ್ಟಿಂಗ್ಸ್ ಪಾಸ್‌ವರ್ಡನ್ನು ಇಂದೇ ಬದಲಿಸಿ. ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ.

ಇನ್ನೊಂದು ಪ್ರಸಂಗ ಕೇಳಿ. ಅನೇಕ ರೂಟರ್‌ಗಳೊಳಗಿರುವ ರಾಮ್‌ಪೇಜರ್ ಎಂಬ ತಂತ್ರಾಂಶದ ಒಂದು ದೋಷವನ್ನು ಅದನ್ನು ಬರೆದವರು 2005ರಲ್ಲೇ ಸರಿಪಡಿಸಿದ್ದರು. 2014ರಲ್ಲಿ ಚೆಕ್‌ಪಾಯಿಂಟ್ ಎಂಬ ಸೈಬರ್ ಭದ್ರತಾ ಸಂಸ್ಥೆಯವರು ನೋಡಿದಾಗ ಸುಮಾರು 1.2 ಕೋಟಿ ಸಾಧನಗಳಲ್ಲಿ ಆ ದೋಷ ಹಾಗೇ ಉಳಿದಿತ್ತು. ತಿದ್ದುಪಡಿ ಸಿದ್ಧವಿದ್ದರೂ ಮನೆಗಳಿಗೆ ತಲುಪಿರಲಿಲ್ಲ.

ನಿಮ್ಮ ಮಾಡೆಲ್‌ಗೆ ಅಪ್‌ಡೇಟ್ ಕೊಡುವುದನ್ನು ಕಂಪನಿ ನಿಲ್ಲಿಸಿದೆಯೇ ಎಂದು ವಿಚಾರಿಸಿ. ನಿಲ್ಲಿಸಿದ್ದರೆ, ನಡೆಯುತ್ತಿದ್ದರೂ ಆ ರೂಟರನ್ನು ಬದಲಿಸುವುದೇ ಸರಿ.